ಹಳೆಯ ಕಾರಿನ ಕಾಲ

ಬಹಳ ಓಡಿ ಸವೆದ ಕಾರಿನೊಡನೆ ಬಾಳುವುದೋ, ಹೊಸದನ್ನು ಕೊಳ್ಳುವುದೋ? ಇಂದು ಇದು ಹಣದ ಪ್ರಶ್ನೆ. ನಮ್ಮ ದೇಶದಲ್ಲಿ ಕೆಲವು ದಶಕಗಳ ಕಾಲ ಇದು ಸರದಿಯ ಪ್ರಶ್ನೆಯಾಗಿತ್ತು.

ಯಾವ ಕಾರ್ಖಾನೆ ಎಷ್ಟು ಕಾರು ತಯಾರಿಸಬೇಕೆಂಬುದು ಆಗ ಸರಕಾರದ ಪರವಾನಗಿಗೆ ಒಳಪಟ್ಟಿತ್ತು. ಬಂಗಾಳದ ಉತ್ತರಪಾಡಾದ ಅಂಬಾಸಿಡರ್, ಮುಂಬಯಿಯ ಫಿಯಟ್, ಮದರಾಸಿನ ಸ್ಟಾಂಡರ್ಡ್. ಆಯ್ಕೆ ಬಹುಮಟ್ಟಿಗೆ ಇಷ್ಟೇ. ಮುಂಗಡ ಕಟ್ಟಿದವರು ವರ್ಷಗಟ್ಟಲೆ ಕಾಯಬೇಕು. ಹೀಗಾಗಿ, ಮೊನ್ನೆಯಷ್ಟೇ ಕೈಗೆ ಬಂದ ಕಾರನ್ನು ಇಂದು ಮಾರಿದವನಿಗೆ ಕಾರ್ಖಾನೆಯ ಬೆಲೆಗಿಂತ ಹೆಚ್ಚು ಹಣ ದೊರೆಯುತ್ತಿದ್ದುದುಂಟು. ನನ್ನಂಥ ಉಪನ್ಯಾಸಕರ ಪಾಲಿಗೆ ಉಳಿದದ್ದು ಮೂರನೆಯ ಒಡೆಯನ ಕೈದಾಟಿದ ವಾಹನ.

ಅದನ್ನು ಬದುಕಿಸಿದವನು ಮೇಸ್ತ್ರಿ. ಸಿಲಿಂಡರು ಸವೆದರೆ ಇಂಜಿನ್ನು ಎಣ್ಣೆ ಕುಡಿಯುತ್ತದೆ, ನೀಲಿ ಹೊಗೆ ಕಾರುತ್ತದೆ. ನನ್ನ ಕಾರಿನ ಮೈಲಿಮಾಪಕ ಎಂದೋ ನಿಂತಿತ್ತು. ಮೇಸ್ತ್ರಿ ಹೊಗೆ ನೋಡಿಯೇ ಅದರ ವಯಸ್ಸು ಹೇಳುತ್ತಿದ್ದ. ಸಿಲಿಂಡರನ್ನು ಕೊರೆಸಿ ಹಿಗ್ಗಿಸಿ, ತಕ್ಕ ಗಾತ್ರದ ಪಿಸ್ಟನ್ ಕೂರಿಸಿದರೆ ಮತ್ತೆ ಕೆಲವು ವರ್ಷ ನಿಶ್ಚಿಂತೆ. ಮಾದರಿಗಳು ಬದಲಾಗದಿದ್ದುದೂ ಅನುಕೂಲವೇ ಆಯಿತು: 1950ರ ದಶಕದ ಮಾರಿಸ್ ಆಕ್ಸ್‌ಫರ್ಡಿನ ರೂಪದಲ್ಲೇ ಅಂಬಾಸಿಡರ್ 2014ರವರೆಗೂ ತಯಾರಾಯಿತು. ಪರವಾನಗಿಯನ್ನು ಕುರಿತು ಬೇಕಾದಷ್ಟು ಬರೆದ ನಮ್ಮ ಇತಿಹಾಸಕಾರರು ಈ ಮೇಸ್ತ್ರಿಗಳ ವಿದ್ಯೆಯನ್ನು ಗಮನಿಸಲಿಲ್ಲವೆಂಬುದು ನನ್ನ ದೂರು.

1983ರ ಡಿಸೆಂಬರಿನಲ್ಲಿ ಮಾರುತಿ 800 ಬಂತು. ಅದಕ್ಕೂ ಮೊದಮೊದಲು ಸರದಿಯೇ. 1993ರಲ್ಲಿ ಕಾರು ತಯಾರಿಕೆಗೆ ಪರವಾನಗಿಯ ಕಟ್ಟು ಸಡಿಲಿತು. ಮೇಸ್ತ್ರಿಯ ಮಗ ಈಗಲೂ ಗ್ಯಾರೇಜು ನಡೆಸುತ್ತಾನೆ. ಕೆಟ್ಟ ಭಾಗವನ್ನು ತೆಗೆದು ಹೊಸದನ್ನು ಹಾಕುತ್ತಾನೆ. ಹೊಗೆಯನ್ನು ಓದಲು ಅವನಿಗೆ ತಂದೆ ಕಲಿಸಿಲ್ಲ.