ವೊಟ್ಸೆಕ್

ಆಸ್ಟ್ರಿಯದ ಆಲ್ಬನ್ ಬೆರ್ಗ್ (1885–1935) ಬ್ಯೂಖ್ನರನ ಅಪೂರ್ಣ ನಾಟಕವನ್ನಾಧರಿಸಿ ರಚಿಸಿದ, 1925ರ ಡಿಸೆಂಬರ್ 14ರಂದು ಬರ್ಲಿನಿನಲ್ಲಿ ಪ್ರಥಮ ಪ್ರಯೋಗ ಕಂಡ ಮೂರಂಕದ ಜರ್ಮನ್ ಆಪೆರಾ. ಮೇಲಧಿಕಾರಿಯ ಅವಹೇಳನಕ್ಕೂ ವೈದ್ಯನ ಪ್ರಯೋಗಗಳಿಗೂ ಪಕ್ಕಾಗಿ ಬುದ್ಧಿ ಕದಡಿದ ಬಡ ಸೈನಿಕನೊಬ್ಬನು ತನ್ನ ಸಂಗಾತಿ ಮಾರೀಯನ್ನು ಕೊಲ್ಲುವುದೇ ಇದರ ವಸ್ತು.

ಸ್ಥಿರವಾದ ಆಧಾರಸ್ವರವಿಲ್ಲದ ಈ ಸಂಗೀತವು, ತಂಬೂರಿಯ ಶ್ರುತಿಯನ್ನೇ ನೆಲೆಯೆಂದು ನಂಬಿ ಬೆಳೆದ ನಮ್ಮ ಕಿವಿಗೆ ಮೊದಮೊದಲು ಕಠೋರವೆನಿಸುವುದು ಸಹಜವಾದರೂ, ಕೊಲೆಯಾದೊಡನೆ ವಾದ್ಯವೃಂದವು ಒಂದೇ ಸ್ವರವನ್ನು ಹಿಡಿದು, ಕೇಳಿಯೂ ಕೇಳದಷ್ಟು ಮೆಲ್ಲನೆ ಆರಂಭಿಸಿ ಆರ್ಭಟದವರೆಗೆ ಏರಿಸಿ, ನಿಲ್ಲಿಸಿ, ಮತ್ತೊಮ್ಮೆ ಏರಿಸುವಾಗ, ಅದರ ಭೀಕರ ಸೌಂದರ್ಯಕ್ಕೆ ಮಣಿಯದ ಶ್ರೋತೃವು ವಿರಳ.

ನವಿ ಮುಂಬಯಿಯ ಸೀವುಡ್ಸ್‌ನಂಥ ಉಪನಗರದಲ್ಲಿ ನೆಲಸಿದ ಕನ್ನಡಿಗನಿಗೆ ಇಂಥ ಕೃತಿಯು ರಂಗದ ಮೇಲೆ ದೊರೆಯುವುದು ದುರ್ಲಭ. ಹಾರ್ಬರ್ ಮಾರ್ಗದ ರೈಲುಗಳ ಸದ್ದಡಗಿದ ರಾತ್ರಿಯಲ್ಲಿ ಕೇಳುವ ಧ್ವನಿಮುದ್ರಣವೇ ಅವನ ನಾಟ್ಯಗೃಹ. ಪಾಲ್ ಡೇನಿಯಲ್ ಸಂಗೀತ ನಿರ್ದೇಶಿಸಿ, ಆಂಡ್ರ್ಯೂ ಶೋರ್ ಹಾಡಿ, ಚಾಂಡೋಸ್ ಸಂಸ್ಥೆಯು ಹೊರತಂದ ಇಂಗ್ಲಿಷ್ ಭಾಷಾಂತರದ ಮುದ್ರಣವು ಇಲ್ಲಿ ಮಹೋಪಕಾರಿ. ಪು. ಲ. ದೇಶಪಾಂಡೆಯವರು 1978ರಲ್ಲಿ ಜರ್ಮನ್ ನಾಟಕಕಾರ ಬ್ರೆಖ್ಟ್‌ನ ಸಂಗೀತನಾಟಕವನ್ನು ‘ತೀನ್ ಪೈಶಾಚಾ ತಮಾಶಾ’ ಎಂದು ಮರಾಠಿಗೆ ತಂದಾಗ ಆದಂತೆಯೇ, ಅರ್ಥವು ಕೈಗೆ ಸಿಕ್ಕೊಡನೆ ಸ್ವರವೂ ಸಮೀಪಕ್ಕೆ ಬರುತ್ತದೆ. ಹೊಸಬರು ಮೊದಲು ಈ ಭಾಷಾಂತರವನ್ನು ಕೇಳಿ, ಅನಂತರ ಜರ್ಮನ್ ಮೂಲಕ್ಕೆ ಹೋಗುವುದು ಉತ್ತಮ.