ಆ ಮೂರು ರಾತ್ರಿ, ಮತ್ತೆ ಆಮೇಲಿನ ವರ್ಷಗಳು

ನವೆಂಬರ್ 26 ಬಂತಂದ್ರೆ ತಾಜ್ ಹೋಟೆಲ್ ಗುಮ್ಮಟದಿಂದ ಹೊಗೆ ಏಳೋ ಚಿತ್ರ ಟಿವಿಯವರು ತೋರಿಸೇ ತೋರಿಸ್ತಾರೆ. ನಮ್ಮನೆ ಹುಡುಗ್ರು ಆವಾಗ ಹುಟ್ಟಿರಲಿಲ್ಲ. ಅವರಿಗೂ ಗೊತ್ತಿರಲಿ ಅಂತ ಬರೀತಿದೀನಿ, ಅಕ್ಕತಂಗೇರೆ.

2008ನೇ ಇಸವಿ, ಬುಧವಾರ. ಅವತ್ತು ಕಟಕ್‌ನಾಗೆ ಇಂಗ್ಲೆಂಡ್ ಮ್ಯಾಲೆ ನಮ್ಮೋರು ಗೆದ್ದಿದ್ರು, ಗಂಡಸರೆಲ್ಲ ಖುಷಿಯಾಗಿದ್ರು. ಮುಸುರೆ ತಿಕ್ಕಿ ಒಳಗೆ ಬರೋದ್ರೊಳಗೆ ಟಿವಿಯಾಗೆ ಮುಂಬೈ ಸುದ್ದಿ. ನಮ್ಮ ದಾವಣಗೆರೆ, ಹರಿಹರದ ಪಿ.ಬಿ. ರೋಡ್ ಅಂದ್ರೇನೇ ಪೂನಾ–ಬೆಂಗಳೂರು ರಸ್ತೆ. ಅದೇ ದಾರಿ ಹಿಡಿದು ಮುಂಬೈಗೆ ದುಡಿಯಾಕೆ ಹೋದೋರು ಯಾರ ಮನೆಯಾಗಿಲ್ಲ ಹೇಳ್ರಿ? ಹರಿಹರದ ನಮ್ಮ ಚಿಕ್ಕಮ್ಮನ ಅಳಿಯ ದಿನಾ ಸಿ.ಎಸ್.ಟಿ. ಸ್ಟೇಷನ್ನಿಂದ ಮನೆಗೆ ಹೋಗೋನು. ಫೋನು ಹತ್ತವಲ್ದು. ಚಿಕ್ಕಮ್ಮ ದೇವರ ಮುಂದೆ ದೀಪ ಹಚ್ಚಿಟ್ಟು ಬೆಳಗಾಗೋವರೆಗೂ ಕೂತಿದ್ಲು. ಏಳು ಗಂಟೆಗೆ ಅವನ ದನಿ ಕೇಳಿಸ್ತು. ಹಿಂದಿನ ಗಾಡಿ ಹಿಡಿದು ಪಾರಾಗಿದ್ದ.

ಎಲ್ಲರಿಗೂ ಹಂಗಾಗಲಿಲ್ಲ. ಕರಾಚಿಯಿಂದ ಸಮುದ್ರದ ಮ್ಯಾಲೆ ಬಂದೋರು 10 ಜನ. ದಾರಿಯಾಗೆ ಕುಬೇರ್ ಅನ್ನೋ ನಮ್ಮ ಮೀನುಗಾರರ ದೋಣಿ ಹಿಡ್ಕೊಂಡು ಬಂದು ಕೊಲಾಬಾದಾಗೆ ಇಳಿದಿದ್ರು. ಸ್ಟೇಷನ್ನು, ಲಿಯೋಪೋಲ್ಡ್ ಕೆಫೆ, ತಾಜ್, ಒಬೆರಾಯ್, ನರಿಮನ್ ಹೌಸ್, ಕಾಮಾ ಆಸ್ಪತ್ರೆ ಎಲ್ಲಾ ಕಡೆ ಗುಂಡು. 29ರ ಬೆಳಿಗ್ಗೆ ಮುಗಿಯೋವಷ್ಟರಾಗೆ 166 ಜನ ಹೋಗಿದ್ರು. ಹೇಮಂತ್ ಕರ್ಕರೆ, ಅಶೋಕ್ ಕಾಮ್ಟೆ, ವಿಜಯ್ ಸಾಲಸ್ಕರ್ ಒಂದೇ ಜೀಪಿನಾಗೆ ತೀರಿಕೊಂಡ್ರು. ತುಕಾರಾಮ್ ಓಂಬ್ಳೆ ಅನ್ನೋ ಪೊಲೀಸಿನವರು ಕಸಬ್‌ನ ಬಂದೂಕನ್ನೇ ಗಟ್ಟಿಯಾಗಿ ಹಿಡ್ಕೊಂಡು ಗುಂಡು ತಿಂದ್ರು, ಅದ್ರಿಂದಲೇ ಅವನು ಜೀವಂತ ಸಿಕ್ಕ. ತಾಜ್ ಒಳಗೆ ಹೋದ ನಮ್ಮ ಬೆಂಗಳೂರಿನ ಮೇಜರ್ ಸಂದೀಪ್ ಉನ್ನಿಕೃಷ್ಣನ್‌ಗೆ ಬರೀ 31 ವರ್ಷ.

ಆಮೇಲೆ ದೇಶ ಏನು ಮಾಡ್ತು? ಗೃಹಮಂತ್ರಿ ಶಿವರಾಜ್ ಪಾಟೀಲ್ ರಾಜೀನಾಮೆ ಕೊಟ್ರು. ಡಿಸೆಂಬರ್‌ನಾಗೇ ಎನ್.ಐ.ಎ. ಕಾಯ್ದೆ ಆತು. ಕಮಾಂಡೋಗಳು ದಿಲ್ಲಿ ಕಡೆಯಿಂದ ವಿಮಾನದಾಗೆ ಬರೋವಷ್ಟರಾಗೆ ಬೆಳಗಾಗಿತ್ತಲ್ಲ, ಅದಕ್ಕೆ ಮುಂಬೈ, ಚೆನ್ನೈ, ಹೈದರಾಬಾದ್, ಕೋಲ್ಕತ್ತಾದಾಗೂ ಎನ್.ಎಸ್.ಜಿ. ನೆಲೆ ಮಾಡಿದ್ರು. ಟಿವಿಯವರು ನೇರವಾಗಿ ತೋರಿಸಿದ್ದನ್ನ ಗಡಿಯಾಚೆ ಕೂತೋರು ನೋಡಿ, ಫೋನಿನಾಗೆ ಇವರಿಗೆ ಹೇಳಿಕೊಡ್ತಿದ್ರು. ಸುಪ್ರೀಂ ಕೋರ್ಟು 2012ರ ತೀರ್ಪಿನಾಗೆ ಚಾನೆಲ್‌ಗಳನ್ನ ತರಾಟೆಗೆ ತಗೊಂತು. 2015ರಾಗೆ ಅಂಥ ಕಾರ್ಯಾಚರಣೆಯ ನೇರ ಪ್ರಸಾರವನ್ನೇ ನಿಷೇಧ ಮಾಡಿದ್ರು.

ನನಗೆ ಎಲ್ಲಕ್ಕಿಂತ ದೊಡ್ಡದು ಅನ್ಸೋದು ಕೋರ್ಟಿನ ಕೆಲಸ. ಕಣ್ಣಾರೆ ಕಂಡವನಿಗೂ ವಕೀಲನ್ನ ಕೊಟ್ಟು, ಸಾಕ್ಷಿ ಕೇಳಿ, ಮ್ಯಾಲಿನ ಕೋರ್ಟಿನಾಗೂ ವಿಚಾರಿಸಿ, 2012ರ ನವೆಂಬರ್ 21ಕ್ಕೆ ಯರವಡಾದಾಗೆ ಗಲ್ಲಿಗೆ ಹಾಕಿದ್ರು. ಸಿಟ್ಟಿನಾಗೂ ದೇಶ ನ್ಯಾಯದ ದಾರಿ ಬಿಡಲಿಲ್ಲ.

ಆ ಸಾಕ್ಷಿಗಳೊಳಗೆ ಒಬ್ಬಾಕೆ ಅಂಜಲಿ ಕುಲ್ಥೆ, ಕಾಮಾ ಆಸ್ಪತ್ರೆಯ ನರ್ಸು. ಅವತ್ತು ರಾತ್ರಿ ಪಾಳಿ. ವಾರ್ಡಿನಾಗೆ 20 ಜನ ತುಂಬು ಬಸುರೇರು. ಬಾಗಿಲು ಹಾಕಿ, ಅಷ್ಟೂ ಜನರನ್ನ ಒಂದು ಸಣ್ಣ ಅಡುಗೆ ಕೋಣೆಗೆ ಸೇರಿಸಿದ್ಲು. ಅದ್ರಾಗೆ ಒಬ್ಬಾಕೆಗೆ ನೋವು ಶುರುವಾತು. ಹೊರಗೆ ಗುಂಡಿನ ಸದ್ದು, ಆಕೀನ ಗೋಡೆಗೆ ಒತ್ತಿಕೊಂಡು ಹೆರಿಗೆ ಕೋಣೆಗೆ ಕರ್ಕೊಂಡು ಹೋದ್ಲು. ಹೆರಿಗೆ ಸಸೂತ್ರ ಆತು. ಆಮೇಲೆ ಕಸಬ್‌ನ ಗುರುತು ಹಿಡಿದು ಸಾಕ್ಷಿ ಹೇಳಿದ್ಲು. 2022ರಾಗೆ ವಿಶ್ವಸಂಸ್ಥೆಯ ಭದ್ರತಾ ಮಂಡಳಿಗೂ ಇದನ್ನೆಲ್ಲ ತಾನೇ ಹೇಳಿದ್ಲು. ಬಾಣಂತನ ಮಾಡಿದ ಕೈ ನಮ್ಮವು. ಆಕೆ ಅವತ್ತು ಹೊತ್ತ ಭಾರ ಎಷ್ಟು ಅಂತ ನಮಗಿಂತ ಚೆನ್ನಾಗಿ ಯಾರಿಗೆ ತಿಳೀತೈತಿ?