ಕೋವಿಯ ಮೇಲೊಂದು ಕಣ್ಣು

ಸುಮಾರು 1640ರ ಹೊತ್ತಿಗೆ ಇಂಗ್ಲೆಂಡಿನ ಯಾರ್ಕ್‌ಷೈರ್‌ನಲ್ಲಿ ವಿಲಿಯಂ ಗ್ಯಾಸ್ಕೋಯ್ನ್ ಎಂಬ ತರುಣ ಖಗೋಳಾಸಕ್ತ ತನ್ನ ದೂರದರ್ಶಕದೊಳಗೆ ಜೇಡವೊಂದು ಎಳೆದಿದ್ದ ನೂಲನ್ನು ಕಂಡ. ಎಳೆ ಸರಿಯಾಗಿ ಮಸೂರದ ನಾಭಿಯಲ್ಲೇ ಇದ್ದುದರಿಂದ ದೂರದ ವಸ್ತುವಿನಷ್ಟೇ ಸ್ಪಷ್ಟವಾಗಿ ಅದೂ ಕಾಣುತ್ತಿತ್ತು. ಬೇಟೆಯ ರೈಫಲ್‌ಗಳ ಮೇಲೆ ಕೂರಿಸುವ ಸ್ಕೋಪ್‌ನೊಳಗಿನ ಅಡ್ಡ-ಉದ್ದ ಗೆರೆಗಳಿಗೆ ಈ ಜೇಡವೇ ಮೂಲಪುರುಷ ಎಂದರೆ ತಪ್ಪಲ್ಲ. ಮುಂದೆ ಬಹುಕಾಲ ಆ ಗೆರೆಗಳಿಗೆ ಜೇಡನ ನೂಲನ್ನೇ ಬಳಸುತ್ತಿದ್ದರು ಕೂಡ.

ದೂರದರ್ಶಕ ಕೋವಿಯ ಮೇಲೇರಲು ಮತ್ತೆ ಎರಡು ಶತಮಾನ ಹಿಡಿಯಿತು. 1840ರ ಸುಮಾರಿಗೆ ಅಮೆರಿಕದ ಯುಟಿಕಾ ಪಟ್ಟಣದ ಬಂದೂಕು ತಯಾರಕ ಮಾರ್ಗನ್ ಜೇಮ್ಸ್, ಜಾನ್ ಚಾಪ್‌ಮನ್ ಎಂಬ ಎಂಜಿನಿಯರನ ನೆರವಿನಿಂದ ಇಂಥದೊಂದನ್ನು ರೂಪಿಸಿದ. ನಳಿಗೆಯಷ್ಟೇ ಉದ್ದದ ಕೊಳವೆ ಅದು. 1861ರಿಂದ 65ರವರೆಗಿನ ಅಂತರ್ಯುದ್ಧದಲ್ಲಿ ಅಂಥ ಕೊಳವೆಗಳು ಮನುಷ್ಯರನ್ನು ಹೊಡೆಯಲು ಒದಗಿದವು.

ಬೇಟೆಗಾರ ಯಾವ ಸ್ಕೋಪ್ ಆರಿಸಿಕೊಳ್ಳಬೇಕೆಂಬುದನ್ನು ನಿರ್ಧರಿಸಿದ್ದು ಅಂಗಡಿಯವನಲ್ಲ, ಆಯಾ ನೆಲ. ಜರ್ಮನಿ, ಆಸ್ಟ್ರಿಯಾಗಳಲ್ಲಿ ಕಾಡಿನಂಚಿನ ಅಟ್ಟಣೆಯ ಮೇಲೆ ಕುಳಿತು ಮುಸ್ಸಂಜೆಯಲ್ಲೋ ಬೆಳದಿಂಗಳಲ್ಲೋ ಕಾಡುಹಂದಿಗೆ ಕಾಯುವುದು ರೂಢಿ. ಅಲ್ಲಿ ಬೇಕಾದದ್ದು ಬೆಳಕು. ಆದ್ದರಿಂದಲೇ ಎಂಟು ಪಟ್ಟು ಹಿಗ್ಗಿಸುವ, 56 ಮಿಲಿಮೀಟರ್ ಮುಂಮಸೂರದ ಸ್ಕೋಪ್ ಅಲ್ಲಿ ಜನಪ್ರಿಯವಾಯಿತು. 56ನ್ನು 8ರಿಂದ ಭಾಗಿಸಿದರೆ 7. ಕತ್ತಲಲ್ಲಿ ಮನುಷ್ಯನ ಕಣ್ಣಪಾಪೆ ಅರಳುವುದೂ ಹೆಚ್ಚುಕಡಿಮೆ ಅಷ್ಟೇ ಮಿಲಿಮೀಟರ್. ಮಬ್ಬಿನಲ್ಲೂ ಕಾಣಲೆಂದು ಗೆರೆಗಳನ್ನು ದಪ್ಪವಾಗಿಟ್ಟರು.

ಅಮೆರಿಕದ ಪಶ್ಚಿಮ ಬಯಲುಗಳದು ಬೇರೆಯೇ ಕತೆ. ಹಗಲು ಬೆಳಕು ಧಾರಾಳ, ಮರೆಗೆ ಗಿಡವಿಲ್ಲ, ಪ್ರಾಂಗ್‌ಹಾರ್ನ್ ಜಿಂಕೆ ಬಹು ದೂರದಿಂದಲೇ ಮನುಷ್ಯನನ್ನು ಗುರುತಿಸುತ್ತದೆ. ಹೀಗಾಗಿ ದೂರದ ಈಡು ಅಲ್ಲಿ ರೂಢಿಯಾಯಿತು. ದುಬಾರಿ ಯೂರೋಪಿಯನ್ ಸ್ಕೋಪ್ ಕೊಳ್ಳಲಾಗದ ಸಾಮಾನ್ಯ ಬೇಟೆಗಾರನಿಗೆ 1930ರ ದಶಕದಲ್ಲಿ ಬಿಲ್ ವೀವರ್ ಅಗ್ಗದ ಸ್ಕೋಪ್ ಒದಗಿಸಿದ. ಆದರೆ ಮಳೆ ಬಂದರೆ, ಚಳಿ ಕೊರೆದರೆ ಒಳಗೆಲ್ಲ ಮಂಜು. ಓರೆಗಾನ್‌ನ ಮಾರ್ಕಸ್ ಲ್ಯೂಪೋಲ್ಡ್ ಇದೇ ಕಾರಣಕ್ಕೆ ಜಿಂಕೆಯೊಂದನ್ನು ಕಳೆದುಕೊಂಡು, ಸಿಟ್ಟಿನಿಂದ ತಾನೇ ಸ್ಕೋಪ್ ಮಾಡಹೊರಟ ಎಂಬುದು ಆತನ ಕಂಪನಿ ಹೇಳಿಕೊಳ್ಳುವ ಕತೆ. ಕೊಳವೆಯೊಳಗಿನ ತೇವದ ಗಾಳಿ ತೆಗೆದು ಸಾರಜನಕ ತುಂಬಿ ಮುಚ್ಚಿದ್ದು ಇದಕ್ಕೆ ಸಿಕ್ಕ ಪರಿಹಾರ. ಸಾಮಾನ್ಯ ಸ್ಕೋಪ್‌ಗಳಲ್ಲೂ ಈಗ ಈ ವ್ಯವಸ್ಥೆ ಇದೆ.

ನಮ್ಮ ದೇಶದ ಹೆಸರಾಂತ ಶಿಕಾರಿ ಕತೆಗಳಲ್ಲಿ ಸ್ಕೋಪ್ ಅಷ್ಟಾಗಿ ಕಾಣುವುದಿಲ್ಲ. ಜಿಮ್ ಕಾರ್ಬೆಟ್ ಆಗಲಿ, ತೇಜಸ್ವಿಯವರ ಮೂಲಕ ಕನ್ನಡಿಗರಿಗೆ ಹತ್ತಿರವಾದ ಬೆಂಗಳೂರಿನ ಕೆನೆತ್ ಆಂಡರ್ಸನ್ ಆಗಲಿ, ನರಭಕ್ಷಕಗಳನ್ನು ಎದುರಿಸಿದ್ದು ಬಹಳ ಸಲ ಕೆಲವೇ ಗಜಗಳ ಅಂತರದಲ್ಲಿ. ಪೊದೆಯೊಳಗಿನ ಹುಲಿಗೆ ಎಂಟು ಪಟ್ಟಿನ ಮಸೂರ ಹಿಡಿದರೆ ಕಾಣುವುದು ಬರೀ ಪಟ್ಟೆ! 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ನಂತರ ಇಲ್ಲಿ ಆ ಆಯ್ಕೆಯ ಪ್ರಶ್ನೆಯೇ ಉಳಿಯಲಿಲ್ಲ.

ಸ್ಕೋಪ್ ಹಿಗ್ಗಿಸಿದಷ್ಟೂ ನೋಟದ ಹರವು ಕಿರಿದಾಗುತ್ತದೆ, ಕೈನಡುಕವೂ ದೊಡ್ಡದಾಗಿ ಕಾಣುತ್ತದೆ. ಇದಕ್ಕಿಂತ ದೊಡ್ಡ ತೊಡಕು ಗುಂಡಿನದು. ಅಮೆರಿಕದ ಜನಪ್ರಿಯ .30-06 ರೈಫಲನ್ನು 200 ಗಜಕ್ಕೆ ಗುರಿ ಹೊಂದಿಸಿದರೆ, ಗುಂಡು 400 ಗಜದಲ್ಲಿ ಸುಮಾರು ಎರಡು ಅಡಿ, 500 ಗಜದಲ್ಲಿ ಸುಮಾರು ನಾಲ್ಕು ಅಡಿ ಕೆಳಗೆ ಬೀಳುತ್ತದೆ. ಈ ಲೆಕ್ಕ ಸರಿಪಡಿಸಲೆಂದೇ ಸ್ಕೋಪ್ ಮೇಲೆ ತಿರುಪುಗುಂಡಿ ಇದೆ; ಒಂದೊಂದು 'ಟಿಕ್'ಗೆ 100 ಗಜದಲ್ಲಿ ಕಾಲು ಅಂಗುಲದ ವ್ಯತ್ಯಾಸ.

ಗಾಳಿಯನ್ನು ಮಾತ್ರ ಬೇಟೆಗಾರ ತಾನೇ ಅಂದಾಜು ಮಾಡಬೇಕು. ಸಮಯಕ್ಕಂತೂ ತಿರುಪು ಇಲ್ಲವೇ ಇಲ್ಲ. 500 ಗಜ ಕ್ರಮಿಸಲು ಈ ಗುಂಡಿಗೆ ಅರ್ಧ ಸೆಕೆಂಡಿಗೂ ಹೆಚ್ಚು ಬೇಕು. ಅಷ್ಟರಲ್ಲಿ ಜಿಂಕೆ ಒಂದು ಹೆಜ್ಜೆ ಮುಂದಿಟ್ಟರೆ ಎದೆಗೆ ಇಟ್ಟ ಗುರಿ ಹೊಟ್ಟೆಗೆ ತಗಲುತ್ತದೆ. ಪ್ರಾಣಿ ಓಡಿಹೋಗಿ ಎಲ್ಲೋ ನರಳುತ್ತ ಸಾಯುತ್ತದೆ. 1887ರಲ್ಲಿ ಥಿಯೊಡೊರ್ ರೂಸ್‌ವೆಲ್ಟ್ ಮುಂತಾದವರು ಕಟ್ಟಿದ ಬೂನ್ ಅಂಡ್ ಕ್ರಾಕೆಟ್ ಕ್ಲಬ್, ಪ್ರಾಣಿಗೂ ತಪ್ಪಿಸಿಕೊಳ್ಳುವ ಅವಕಾಶ ಇರಬೇಕೆಂಬ ನಿಯಮದಡಿ ಅತಿ ದೂರದ ಈಡನ್ನು ಆಕ್ಷೇಪಿಸಿದೆ. ಜರ್ಮನಿಯಲ್ಲಿ ಗಾಯಗೊಂಡು ಓಡಿದ ಪ್ರಾಣಿಯನ್ನು ತರಬೇತಾದ ನಾಯಿಯೊಡನೆ ಹುಡುಕುವುದು ಬೇಟೆಗಾರನ ಕರ್ತವ್ಯ.